ನಾವು ಎಂಬ ಗದ್ದಲದಲ್ಲಿ ಒಂದು ನಾನು

ಕಮಲಾಪುರದ ಬಸ್ ಸ್ಟ್ಯಾಂಡಿನಿಂದ ನಮ್ಮ ಕೇರಿಗೆ ಹೋಗಬೇಕಾದರೆ ಊರು ದಾಟಿಯೇ ಹೋಗಬೇಕು. ಊರು ಮುಗಿಯುವಲ್ಲಿ ನಾವು ಶುರು. ಗುಡಿಸಲು ಹೋಗಿ ಈಗ ಕಲ್ಲಿನ ಮನೆಗಳು, ಆಶ್ರಯ ಮನೆಗಳು ಬಂದಿವೆ. ಗಡಿ ಮಾತ್ರ ಇದ್ದಲ್ಲೇ ಇದೆ. ಈ ಮಾತು ಯಾಕೆ ಎತ್ತಿದೆನೆಂದರೆ, 2011ರಲ್ಲಿ ನನ್ನ ತಂಗಿಯ ದವಾಖಾನೆ ಚೀಟಿಯ ಮೇಲೆ ಡಾಕ್ಟರು ಬರೆದ ಮೊದಲ ಶಬ್ದವೇ ‘ಬಾರ್ಡರ್‌ಲೈನ್’. ಗಡಿಗೆರೆ. ಪೂರ್ತಿ ಹೆಸರು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್.

ಅವ್ವನಿಗೆ ಓದಲು ಬರೋದಿಲ್ಲ. ‘ಏನಂತ ಬರದಾರಪ್ಪ?’ ಅಂತ ಕೇಳಿದಳು. ನಾನು ಮಾಸ್ತರ, ಇಪ್ಪತ್ತು ವರ್ಷ ವೇದಿಕೆ ಹತ್ತಿದವನು. ಆದರೂ ಬಾಯಿ ತಡವರಿಸಿತು. ‘ವ್ಯಕ್ತಿತ್ವದಾಗ ಏನೋ ಕೆಟ್ಟದ ಅಂತ ಬರದಾರವ್ವ’ ಅಂದೆ.

‘ಅಂದ್ರ ನನ್ನ ಮಗಳೇ ಕೆಟ್ಟಾಳ ಅಂತನಾ?’

ಅವ್ವನ ಈ ಪ್ರಶ್ನೆ ದೊಡ್ಡ ದೊಡ್ಡ ಪುಸ್ತಕ ಬರೆದವರ ಪ್ರಶ್ನೆಯೂ ಹೌದು ಅಂತ ನನಗೆ ಗೊತ್ತಾದದ್ದು ಆಮೇಲೆ. ಮಲೇರಿಯಾ ಬಂದರೆ ‘ಮಲೇರಿಯಾ ಬಂದದ’ ಅಂತೇವೆ. ಕಾಲು ಮುರಿದರೆ ‘ಕಾಲು ಮುರದದ’ ಅಂತೇವೆ. ಜಡ್ಡು ಒಂದು ಕಡೆ, ಮನುಷ್ಯ ಒಂದು ಕಡೆ. ಆದರೆ ನಿನ್ನ ವ್ಯಕ್ತಿತ್ವವೇ ಕೆಟ್ಟಿದೆ ಅಂದಾಗ ಜಡ್ಡು ಯಾವುದು, ಜಡ್ಡು ಬಂದವರು ಯಾರು? ಜಡ್ಡು ವಾಸಿಯಾದರೆ ಒಳಗೆ ಉಳಿಯುವವರು ಯಾರು?

ಕೇರಿಯವರಿಗೆ ಈ ಥರದ ಮಾತು ಹೊಸದೇನಲ್ಲ. ಮೈಗೆ ಹೊಲಸು ಹತ್ತಿದರೆ ತೊಳೆದುಕೊಳ್ಳಬಹುದು. ನೀವೇ ಹೊಲಸು ಅಂದವರ ಮಾತನ್ನು ಯಾವ ನೀರಿನಲ್ಲಿ ತೊಳೆಯಬೇಕು? ಹೀಗಾಗಿ ಆ ಚೀಟಿ ಓದಿದ ಕೂಡಲೇ ನನಗೆ ಸಿಟ್ಟು ಬಂತು. ಇನ್ನೊಂದು ಜಾತಿ ಸರ್ಟಿಫಿಕೇಟು ಕೊಟ್ಟರಲ್ಲ ಅನ್ನಿಸಿತು. ಗೆಳೆಯರೇ, ಆ ಸಿಟ್ಟು ಅರ್ಧ ಸರಿ ಇತ್ತು. ಉಳಿದರ್ಧ ನನ್ನ ತಂಗಿಯನ್ನು ಸಾವಿನ ಬಾಗಿಲತನಕ ಒಯ್ದಿತ್ತು. ಆ ಅರ್ಧದ ಲೆಕ್ಕ ಒಪ್ಪಿಸಲಿಕ್ಕೆ ಇದನ್ನು ಬರೆಯುತ್ತಿದ್ದೇನೆ.

*

ನಮ್ಮೂರಿನ ಕೆಂಪು ಬಾಳೆ ಹೆಸರುವಾಸಿ. ಅದಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ಬಿದ್ದಿದೆ. ಬೆಲೆ ಹೆಚ್ಚು, ಶ್ರೀಮಂತರ ಹಣ್ಣು ಅಂತಾರೆ. ಅವ್ವ ಆ ತೋಟಗಳಲ್ಲಿ ವರ್ಷಗಟ್ಟಲೆ ಕೂಲಿ ಮಾಡಿದಳು. ನಮ್ಮ ಮನೆಯೊಳಗೆ ಆ ಹಣ್ಣು ಬಂದದ್ದು ನನಗೆ ನೌಕರಿ ಸಿಕ್ಕ ಮೇಲೆ. ಆ ಬಾಳೆಗೆ ಮಣ್ಣು ಗುರುತು ಕೊಟ್ಟಿತು. ಅದೇ ಮಣ್ಣಿನಲ್ಲಿ ಸೊಂಟ ಬಗ್ಗಿಸಿದವಳಿಗೆ ಗುರುತು ಕೊಟ್ಟದ್ದು ತಹಶೀಲಿ ಕಚೇರಿ.

ತಂಗಿ ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಅಪ್ಪ ಸತ್ತಾಗ ಎಂಟು ವರ್ಷದವಳು. ಓದಿನಲ್ಲಿ ಚುರುಕು. 2006ರಲ್ಲಿ ಡಿಗ್ರಿಗೆ ಗುಲಬರ್ಗಾಕ್ಕೆ ಕಳಿಸಿದೆ. ಹಾಸ್ಟೆಲ್ ಸೀಟು ಸಿಗಲಿಲ್ಲ. ನಾಲ್ಕು ಹುಡುಗಿಯರ ಜೊತೆ ಒಂದು ಖೋಲಿ ಹಿಡಿದಳು.

ಆ ಖೋಲಿಯಲ್ಲಿ ಅವಳು ತನ್ನ ಜಾತಿ ಹೇಳಲಿಲ್ಲ. ಅಡ್ಡಹೆಸರು ಬೇರೆ ಹೇಳಿದಳು. ಸೋಮವಾರ ವಿಭೂತಿ ಹಚ್ಚಿಕೊಂಡು ಶರಣಬಸವೇಶ್ವರ ಗುಡಿಗೆ ಹೋದಳು. ಇನ್ನೊಂದು ಗೆಳತಿಯ ಜೊತೆ ಬಂದೇ ನವಾಜ್ ದರ್ಗಾಕ್ಕೆ ಹೋದಾಗ ತಲೆ ಮೇಲೆ ಸೆರಗು, ಬಾಯಲ್ಲಿ ದಖನಿ. ಶನಿವಾರ ನಮ್ಮ ಸಂಘಟನೆಯ ಸಭೆಗೆ ಬಂದರೆ ಮುಷ್ಟಿ ಎತ್ತಿ ಘೋಷಣೆ. ಯಾರ ಜೊತೆ ಇದ್ದರೆ ಅವರಾಗುತ್ತಿದ್ದಳು. ಒಬ್ಬಳೇ ಇದ್ದಾಗ ಏನಾಗುತ್ತಿದ್ದಳು ಅಂತ ನಾನು ಕೇಳಲಿಲ್ಲ.

ಎರಡನೆಯ ವರ್ಷ ಕಾಲೇಜಿನ ನೋಟಿಸ್ ಬೋರ್ಡಿಗೆ ಸ್ಕಾಲರ್‌ಶಿಪ್ ಪಟ್ಟಿ ಅಂಟಿಸಿದರು. ಹೆಸರಿನ ಮುಂದೆ ಎಸ್.ಸಿ. ಅಂತ ಎರಡಕ್ಷರ. ಅವತ್ತು ಸಂಜೆ ಖೋಲಿಯ ಗೆಳತಿ ಜಗಳವಾಡಲಿಲ್ಲ. ತನ್ನ ರೊಟ್ಟಿ ಡಬ್ಬಿಯನ್ನು ಬೇರೆ ಮೂಲೆಗೆ ಸರಿಸಿದಳು, ಅಷ್ಟೇ. ಆ ಗೆಳತಿಯನ್ನು ನನ್ನ ತಂಗಿ ಜೀವ ಅಂತ ಹಚ್ಚಿಕೊಂಡಿದ್ದಳು. ಆ ರಾತ್ರಿ ಮೊದಲ ಸಲ ತನ್ನ ಮೈಗೆ ತಾನೇ ಗಾಯ ಮಾಡಿಕೊಂಡಳು.

ಸುದ್ದಿ ತಿಳಿದು ಓಡಿಹೋದೆ. ಏನು ಹೇಳಿದೆ ಗೊತ್ತೆ? ‘ಇದು ನಿನ್ನ ಜಡ್ಡಲ್ಲ ತಂಗಿ, ಈ ಸಮಾಜದ ಜಡ್ಡು. ನೀ ಅಳಬ್ಯಾಡ, ಮಾತಾಡು.’ ತಿಂಗಳೊಳಗೆ ಒಂದು ದೊಡ್ಡ ಸಭೆಯಲ್ಲಿ ಅವಳನ್ನು ವೇದಿಕೆ ಹತ್ತಿಸಿದೆ. ಡಬ್ಬಿಯ ಕತೆ ಹೇಳಿದಳು. ಜನ ಕಣ್ಣೀರು ಹಾಕಿದರು, ಚಪ್ಪಾಳೆ ಹೊಡೆದರು. ನನ್ನ ಎದೆ ಉಬ್ಬಿತು.

ಬಸ್ಸಿನಲ್ಲಿ ಕಮಲಾಪುರಕ್ಕೆ ವಾಪಸು ಬರುವಾಗ, ಮಹಾಗಾಂವ ಕ್ರಾಸ್ ದಾಟಿದ ಮೇಲೆ ಕೇಳಿದಳು: ‘ಅಣ್ಣಾ, ಅಲ್ಲಿ ಮಾತಾಡಿದಾಕಿ ಯಾರು?’

ಅದು ನನಗೆ ಕವಿತೆಯಂತೆ ಕೇಳಿಸಿತು. ಮುಂದಿನ ತಿಂಗಳು ಒಂದು ಕರಪತ್ರದಲ್ಲಿ ಆ ಸಾಲನ್ನು ಹಾಕಿಕೊಂಡೆ. ಅದು ಕವಿತೆ ಆಗಿರಲಿಲ್ಲ ಗೆಳೆಯರೇ. ಮುಳುಗುವವಳು ಕೂಗಿದ್ದಳು. ನಾನು ಅದನ್ನು ಅಚ್ಚು ಹಾಕಿಸಿದೆ.

*

ನಾಲ್ಕು ವರ್ಷ ಹೀಗೇ ನಡೆಯಿತು. ಯಾರನ್ನಾದರೂ ಹಚ್ಚಿಕೊಂಡರೆ ದೇವರು. ಅವರು ಒಂದು ಫೋನು ಎತ್ತದಿದ್ದರೆ ಮೋಸಗಾರರು. ಮುಂಜಾನೆ ಐ.ಎ.ಎಸ್. ಮಾಡುವ ಮಾತು, ಸಂಜೆಗೆ ‘ನಾ ಯಾಕ ಹುಟ್ಟಿದೆ’ ಅನ್ನುವ ಮಾತು. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದು ಒಡೆಯುವುದು. ಕೇಳಿದರೆ, ‘ಎದ್ಯಾಗ ಖಾಲಿ ಖಾಲಿ ಅನಸ್ತದ’ ಅನ್ನುವಳು. ಅವ್ವ ದೇವರು ಹೇಳುವ ಮುದುಕಿಯ ಹತ್ತಿರ ಒಯ್ಯೋಣ ಅಂದಳು. ಮೂಢನಂಬಿಕೆ ಅಂತ ಬೈದು ಅವ್ವನ ಬಾಯಿ ಮುಚ್ಚಿಸಿದೆ. ಮುದುಕಿಯ ಹತ್ತಿರ ಒಯ್ಯದಿದ್ದದ್ದು ತಪ್ಪಲ್ಲ. ಡಾಕ್ಟರ ಹತ್ತಿರವೂ ಒಯ್ಯದಿದ್ದದ್ದು ತಪ್ಪು. ಅವ್ವನ ಬಾಯಿ ಮುಚ್ಚಿಸಿದೆ, ನನ್ನ ಬಾಯಿಗೆ ಬೀಗ ಹಾಕಿಕೊಳ್ಳಲಿಲ್ಲ.

2011ರ ಮಳೆಗಾಲದಲ್ಲಿ ಅವಳು ಬದುಕು ಸಾಕೆಂದು ತೀರ್ಮಾನಿಸಿದಳು. ಪುಣ್ಯಕ್ಕೆ ನೆರೆಮನೆಯಾಕೆ ನೋಡಿದಳು. ಮೂರು ದಿನ ದವಾಖಾನೆಯ ಹೊರಗೆ ಕೂತೆ. ಆಗ ಇದಕ್ಕೆ ಪೊಲೀಸ್ ಕೇಸಿನ ಹೆದರಿಕೆ ಬೇರೆ ಇತ್ತು. ಒಬ್ಬ ಡಾಕ್ಟರು ಬಂದರು. ಐದು ನಿಮಿಷ ನೋಡಿದರು. ‘ಇಂಥವರು ನಾಟಕ ಮಾಡ್ತಾರೆ, ಎಲ್ಲರೂ ತಮ್ಮನ್ನೇ ನೋಡಲಿ ಅಂತ’ ಅಂದರು. ಆ ಬಾರ್ಡರ್‌ಲೈನ್ ಎಂಬ ಶಬ್ದ ಬರೆದದ್ದು ಅವರೇ. ನರ್ಸ್ ಬಾಯಿಯವರು ಒಳಗೊಳಗೇ ನಕ್ಕರು.

ಇನ್ನೊಂದು ಕಡೆ ಒಬ್ಬ ಹೆಣ್ಣು ಡಾಕ್ಟರು ಸಿಕ್ಕರು. ತಂಗಿಯ ಹೆಸರು ಕೇಳಿದರು. ನಾನು ರೂಢಿಯಂತೆ ಉತ್ತರ ಕೊಡಲು ಹೋದೆ. ಅವರು ಕೈ ಎತ್ತಿದರು. ‘ಅಣ್ಣಾವ್ರು ಹೊರಗ ಕೂಡ್ರಲಿ. ನೀ ಹೇಳವ್ವ, ನಿನ್ನ ಹೆಸರು ನೀನೇ ಹೇಳು.’ ಒಂದು ತಾಸು ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಅವಳ ಪರವಾಗಿ ನಾನು ಮಾತಾಡದೆ ಕಳೆದ ಮೊದಲ ತಾಸು ಅದು.

*

ಅಲ್ಲಿಂದ ಓದಲು ಶುರುಮಾಡಿದೆ. ಓದಿದ್ದನ್ನು ನಿಮಗೂ ಹೇಳುತ್ತೇನೆ. ನಿಮ್ಮ ಕ್ಲಾಸಿನಲ್ಲಿ, ನಿಮ್ಮ ಸಂಘಟನೆಯಲ್ಲಿ ಇಂಥ ಹುಡುಗ, ಹುಡುಗಿ ಇದ್ದೇ ಇರುತ್ತಾರೆ.

ಗಡಿಗೆರೆ ಎಂಬ ಹೆಸರು ಬಂದದ್ದು 1938ರಲ್ಲಿ. ಅಮೆರಿಕದ ಅಡಾಲ್ಫ್ ಸ್ಟರ್ನ್ ಎಂಬ ವೈದ್ಯ, ಪೂರ್ತಿ ಹುಚ್ಚು ಅನ್ನಲೂ ಬಾರದ, ಸಣ್ಣ ಮನೋವ್ಯಾಧಿ ಅನ್ನಲೂ ಬಾರದ ರೋಗಿಗಳಿಗೆ ಈ ಹೆಸರಿಟ್ಟ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಗೆ ಇದು ಸೇರಿತು. ಈಗ ಒಂಬತ್ತು ಲಕ್ಷಣ ಬರೆದಿದ್ದಾರೆ, ಐದು ಇದ್ದರೆ ಈ ಹೆಸರು. ಅದರಲ್ಲಿ ಒಂದು ಲಕ್ಷಣ, ತಾನು ಯಾರೆಂಬ ಅರಿವು ಸದಾ ಅಲ್ಲಾಡುತ್ತಿರುವುದು. ಲೆಕ್ಕದ ಮಾಸ್ತರರು ಕೂಡಿಸಿ ನೋಡಲಿ. ಒಂಬತ್ತರಲ್ಲಿ ಐದೋ ಹೆಚ್ಚೋ ಆರಿಸುವ ದಾರಿಗಳು 256. ಒಂದೇ ಹೆಸರಿನ ಇಬ್ಬರು ರೋಗಿಗಳ ನಡುವೆ ಒಂದೇ ಒಂದು ಲಕ್ಷಣ ಸಮಾನವಾಗಿರಲೂಬಹುದು. ಹೆಸರು ಒಂದು, ಮನುಷ್ಯರು ನೂರು. ಹೆಸರೇ ಮನುಷ್ಯ ಅಂತ ತಿಳಿಯುವುದು ಎಂಥ ಮೋಸ ಅನ್ನುವುದು ಜಾತಿ ಪಟ್ಟಿ ಕಂಡ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಡಾಕ್ಟರರ ಹೆಸರುಗಳ ಮೇಲೆ ಅನುಮಾನಕ್ಕೆ ಕಾರಣಗಳಿವೆ. 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಕಪ್ಪು ಗುಲಾಮರು ಧಣಿಯನ್ನು ಬಿಟ್ಟು ಓಡಿಹೋಗುವುದೇ ಒಂದು ರೋಗ ಅಂತ ಬರೆದ. ಅದಕ್ಕೊಂದು ಹೆಸರನ್ನೂ ಇಟ್ಟ. ಇಂಥ ಅನ್ಯಾಯ ಮರುಕಳಿಸಬಾರದೆಂದೇ ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆಯ 3ನೇ ಕಲಮು, ಒಬ್ಬರ ಸಾಮಾಜಿಕ, ರಾಜಕೀಯ, ಆರ್ಥಿಕ ಸ್ಥಾನ ನೋಡಿ ಅವರನ್ನು ಮಾನಸಿಕ ರೋಗಿ ಅನ್ನಕೂಡದು ಅನ್ನುತ್ತದೆ. ಸಮಾಜದ ರೀತಿನೀತಿಗೆ ಒಗ್ಗದವರು ಅನ್ನುವ ಕಾರಣಕ್ಕೂ ಅನ್ನಕೂಡದು. 2022ರ ಜನವರಿ 1ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯೂ ಹಾಗೆಯೇ. ಮುಖ್ಯವಾಗಿ ಸಾಮಾಜಿಕ ಕಾರಣಗಳಿಂದ, ಸಂಘರ್ಷಗಳಿಂದ ಹುಟ್ಟಿದ ನಡವಳಿಕೆಯನ್ನು ವ್ಯಕ್ತಿತ್ವದ ಅಸ್ವಸ್ಥತೆ ಅಂತ ಎಣಿಸಬಾರದು ಅನ್ನುತ್ತದೆ.

‘ನೋಡು, ನಾ ಹೇಳಿದ್ದೇ ಖರೇ’ ಅಂತ ಆ ಕಲಮನ್ನು ತಂಗಿಗೆ ಓದಿ ತೋರಿಸಿದೆ. ಅವಳು ನಕ್ಕಳು. ‘ಅಣ್ಣಾ, ನಮ್ಮ ಕೇರ್ಯಾಗ ನನ್ನ ವಾರಗಿ ಹುಡುಗ್ಯಾರು ಮೂವತ್ತು ಮಂದಿ ಅದಾರ. ಎಲ್ಲಾರಿಗೂ ಡಬ್ಬಿ ಸರಿಸ್ಯಾರ. ಎಲ್ಲಾರೂ ನನ್ನಂಗ ಆಗ್ಯಾರೇನು?’

ಉತ್ತರ ನನ್ನಲ್ಲಿ ಇರಲಿಲ್ಲ. ಬಾಬಾಸಾಹೇಬರ ಬದುಕನ್ನೇ ನೋಡಿ. ವಿದೇಶದಲ್ಲಿ ಓದಿ ಬರೋಡಾಕ್ಕೆ ನೌಕರಿಗೆ ಬಂದಾಗ ಅವರಿಗೆ ಇರಲು ಮನೆ ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ಒಂದು ಡಜನ್ ಪಾರ್ಸಿಗಳು ಬಡಿಗೆ ಹಿಡಿದು ಬಂದು ಹೊರಗೆ ಹಾಕಿದರು. ಅವರೂ ಹೆಸರು ಮುಚ್ಚಿಟ್ಟಿದ್ದರು, ಅವರೂ ಅತ್ತರು. ಆದರೆ ಮುಚ್ಚಿಟ್ಟವನು ಯಾರು ಎಂಬುದು ಅವರಿಗೆ ಗೊತ್ತಿತ್ತು. ನನ್ನ ತಂಗಿಗೆ ಅದೇ ಗೊತ್ತಿರಲಿಲ್ಲ. ಮುಖವಾಡ ಹಾಕಿಕೊಳ್ಳುವುದು ಬೇರೆ. ಮುಖವಾಡ ತೆಗೆದರೆ ಕೆಳಗೆ ಏನೂ ಕೈಗೆ ಹತ್ತದಿರುವುದು ಬೇರೆ. ಮೊದಲನೆಯದಕ್ಕೆ ಹೋರಾಟ ಬೇಕು. ಎರಡನೆಯದಕ್ಕೆ ಹೋರಾಟದ ಜೊತೆ ಚಿಕಿತ್ಸೆಯೂ ಬೇಕು.

*

ಈ ‘ನಾನು’ ಅಂದರೆ ಏನು? ಇಂಗ್ಲೆಂಡಿನ ಜಾನ್ ಲಾಕ್ ಮುನ್ನೂರು ವರ್ಷದ ಹಿಂದೆ, ನೆನಪು ಎಲ್ಲಿಯತನಕ ಹೋಗುತ್ತದೋ ಅಲ್ಲಿಯತನಕ ಅದೇ ವ್ಯಕ್ತಿ ಅಂದ. ನನ್ನ ತಂಗಿಗೆ ನೆನಪು ಚೆನ್ನಾಗಿಯೇ ಇದೆ. ಡಬ್ಬಿಯ ಬಣ್ಣ ಕೂಡ ಹೇಳುತ್ತಾಳೆ. ಆದರೆ ‘ಅದು ಆಗಿದ್ದು ನಂಗ ಅಂತ ಅನಸಂಗಿಲ್ಲ’ ಅನ್ನುತ್ತಾಳೆ. ನೆನಪು ಇದ್ದರೆ ಸಾಲದು, ಅದು ನನ್ನದು ಅನ್ನಿಸಬೇಕು. 1739ರಲ್ಲಿ ಡೇವಿಡ್ ಹ್ಯೂಮ್, ಒಳಗೆ ಹುಡುಕಿದರೆ ಅನುಭವಗಳ ಕಟ್ಟು ಸಿಗುತ್ತದೆ, ‘ನಾನು’ ಎಂಬ ವಸ್ತು ಸಿಗುವುದಿಲ್ಲ ಅಂದ. ಅವನಿಗಿಂತ ಎರಡು ಸಾವಿರ ವರ್ಷ ಮೊದಲೇ ಬುದ್ಧ ಹೇಳಿದ್ದು ಅದನ್ನೇ. ಬಾಬಾಸಾಹೇಬರು ತಮ್ಮ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಆತ್ಮವನ್ನು ಒಪ್ಪಲಿಲ್ಲ. ಹಿಂದಿನ ಜನ್ಮದ ಪಾಪವನ್ನು ಈ ಆತ್ಮದ ಹೆಗಲಿಗೆ ಕಟ್ಟಿಯೇ ಅಲ್ಲವೆ ನಮ್ಮನ್ನು ಕೇರಿಯಲ್ಲಿ ಇಟ್ಟದ್ದು?

ಒಂದು ಭಾನುವಾರ ಇಬ್ಬರೂ ಕಲಬುರಗಿಯ ಬುದ್ಧ ವಿಹಾರದ ಮೆಟ್ಟಿಲ ಮೇಲೆ ಕೂತಿದ್ದೆವು. ನಾಗಸೇನ ಭಿಕ್ಕುವು ಮಿಲಿಂದ ರಾಜನಿಗೆ ಹೇಳಿದ ರಥದ ಮಾತನ್ನು ಹೇಳಿದೆ. ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ, ಎಲ್ಲ ಕೂಡಿದ್ದಕ್ಕೆ ರಥ ಅಂತ ಹೆಸರು, ಮನುಷ್ಯನೂ ಹಾಗೆಯೇ. ‘ಗಟ್ಟಿ ಆದ ನಾನು ಯಾರಿಗೂ ಇಲ್ಲ ತಂಗಿ, ಮತ್ಯಾಕ ಚಿಂತಿ ಮಾಡ್ತಿ?’ ಅಂದೆ.

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: ‘ರಥ ಅನ್ನೋದು ಬರೇ ಹೆಸರು, ಖರೇ. ಆದ್ರ ನಿನ್ನ ರಥ ನಡೀಲತ್ತದ. ನನ್ನ ಗಾಲಿ ಯಾವಾಗ ಕಳಚಿ ಹೋಗ್ತದೋ ನಂಗೇ ಗೊತ್ತಾಗಂಗಿಲ್ಲ. ಇದ್ದದ್ದು ಬಿಟ್ಟವ ಬುದ್ಧ. ಇಲ್ಲದ್ದು ನಾ ಹ್ಯಾಂಗ ಬಿಡ್ಲಿ?’

ನಾನು ಓದಿದ ಪುಸ್ತಕಗಳು ಆ ಮೆಟ್ಟಿಲ ಮೇಲೆ ಸಣ್ಣವಾದವು. ಆತ್ಮ ಇಲ್ಲ ಅನ್ನುವುದು ಸ್ವಾತಂತ್ರ್ಯದ ಮಾತು. ‘ನಾನು’ ಕೂಡಿಬರುತ್ತಿಲ್ಲ ಅನ್ನುವುದು ನೋವಿನ ಮಾತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದವನು ಬಿದ್ದವರಿಗೆ ಉಪದೇಶ ಮಾಡುವ ಪುರೋಹಿತನೇ ಆಗುತ್ತಾನೆ, ಅವನ ಕೈಯಲ್ಲಿ ನೀಲಿ ಬಾವುಟ ಇದ್ದರೂ.

ಹಾಗಾದರೆ ‘ನಾನು’ ಹೇಗೆ ಕೂಡಿಬರುತ್ತದೆ? ಅಮೆರಿಕದ ಮಾರ್ಷಾ ಲೈನ್‌ಹಾನ್ ಎಂಬ ಮನೋವಿಜ್ಞಾನಿ 1993ರಲ್ಲಿ ಇದರ ಬಗ್ಗೆ ಬರೆದರು. ಹುಟ್ಟಿನಿಂದಲೇ ಕೆಲವರ ಮನಸ್ಸು ಬೇಗ ಬೇಯುತ್ತದೆ, ನಿಧಾನಕ್ಕೆ ತಣಿಯುತ್ತದೆ. ಅಂಥ ಮಗುವಿಗೆ ಸುತ್ತಲಿನವರು ‘ನಿನಗೆ ನೋವಾಗಿಲ್ಲ, ಸುಳ್ಳು ಹೇಳಬೇಡ’ ಅಂತ ಮತ್ತೆ ಮತ್ತೆ ಅಂದರೆ, ತನ್ನ ಅನುಭವವನ್ನು ತಾನೇ ನಂಬುವುದನ್ನು ಅದು ಬಿಡುತ್ತದೆ. ತನ್ನೊಳಗೆ ಏನಾಗುತ್ತಿದೆ ಅಂತ ತಿಳಿಯಲು ಮಂದಿಯ ಮುಖ ನೋಡುತ್ತದೆ. ಇಂಥವರಿಗಾಗಿ ಲೈನ್‌ಹಾನ್ ಒಂದು ಚಿಕಿತ್ಸೆ ಕಟ್ಟಿದರು. ಬೌದ್ಧರ ಝೆನ್ ಪಂಥದಿಂದಲೂ ಅದಕ್ಕೆ ಕೆಲವು ಪಾಠ ತಂದುಕೊಂಡರು. ತಾವೂ ಹರೆಯದಲ್ಲಿ ಹೀಗೆಯೇ ಆಸ್ಪತ್ರೆಯಲ್ಲಿ ಇದ್ದವರು ಅಂತ 2011ರಲ್ಲಿ ಬಹಿರಂಗವಾಗಿ ಹೇಳಿದರು.

‘ನಿನಗೆ ನೋವಾಗಿಲ್ಲ’ ಎಂಬ ಮಾತನ್ನು ಜಾತಿ ನಮಗೆ ದಿನಾ ಹೇಳುತ್ತದೆ. ಅಷ್ಟು ನನಗೆ ಗೊತ್ತಿತ್ತು. ನಾನೂ ಅದನ್ನೇ ಹೇಳಿದ್ದೆ ಅಂತ ಗೊತ್ತಿರಲಿಲ್ಲ. ‘ಇದು ನಿನ್ನ ನೋವಲ್ಲ, ಸಮುದಾಯದ ನೋವು’ ಅಂದಾಗ ಅವಳ ಕೈಯಲ್ಲಿದ್ದ ಕಡೆಯ ವಸ್ತುವನ್ನೂ ಕಸಿದುಕೊಂಡು ಮೆರವಣಿಗೆಗೆ ಹಾಕಿದ್ದೆ. ‘ನಾವು’ ಅನ್ನುವುದು ನಮ್ಮ ದೊಡ್ಡ ಗಳಿಕೆ, ಅದನ್ನು ಬಿಟ್ಟುಕೊಡಬೇಕಿಲ್ಲ. ಆದರೆ ‘ನಾನು’ ಇಲ್ಲದವರನ್ನು ‘ನಾವು’ ನುಂಗಿಬಿಡುತ್ತದೆ.

ಫ್ರಾಂಜ್ ಫ್ಯಾನನ್ ನಮ್ಮವರಿಗೆ ಗೊತ್ತಿರುವ ಹೆಸರು. ವಸಾಹತುಶಾಹಿ ಮನುಷ್ಯನ ಮನಸ್ಸನ್ನು ಹೇಗೆ ಒಡೆಯುತ್ತದೆ ಅಂತ 1952ರಲ್ಲೇ ಬರೆದವನು. ಅವನು ಮನೋವೈದ್ಯನೂ ಆಗಿದ್ದ. 1953ರಿಂದ 1956ರವರೆಗೆ ಅಲ್ಜೀರಿಯಾದ ಬ್ಲಿಡಾ ಆಸ್ಪತ್ರೆಯಲ್ಲಿ ಕೆಲಸ ಮಾಡಿದ. ಬಿಡುಗಡೆ ಬರಲಿ, ಆಮೇಲೆ ವಾಸಿಯಾಗುತ್ತೀರಿ ಅಂತ ರೋಗಿಗಳಿಗೆ ಹೇಳಿ ಕೂಡ್ರಲಿಲ್ಲ. ಚಿಕಿತ್ಸೆ ಕೊಟ್ಟ. ರಾಜೀನಾಮೆ ಕೊಟ್ಟು ಹೋರಾಟಕ್ಕೆ ಪೂರ್ತಿ ಇಳಿದದ್ದು ಆಮೇಲೆ. ಅವನ ಸಾಲುಗಳನ್ನು ಭಾಷಣದಲ್ಲಿ ಹೇಳುತ್ತಿದ್ದ ನನಗೆ ಇದು ಕಾಣಲಿಲ್ಲ.

*

ತಂಗಿ ಈಗ ಕಲಬುರಗಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಡಿ.ಟಿ.ಪಿ. ಕೆಲಸ ಮಾಡುತ್ತಾಳೆ. ದಿನಾ ಮಂದಿಯ ಅರ್ಜಿ ತುಂಬುತ್ತಾಳೆ. ಹೆಸರು, ತಂದೆ ಹೆಸರು, ಜಾತಿ, ಉಪಜಾತಿ. ಪೂರ್ತಿ ವಾಸಿಯಾಗಿದೆ ಅಂತ ನಾನು ಹೇಳುವುದಿಲ್ಲ. ಕೆಟ್ಟ ದಿನಗಳಿವೆ. ಆದರೆ ಕೆಟ್ಟ ದಿನ ಬರುವುದು ಅವಳಿಗೆ ಮೊದಲೇ ತಿಳಿಯುತ್ತದೆ, ಆಗ ಯಾರಿಗೆ ಫೋನು ಮಾಡಬೇಕು ಅಂತ ಪಟ್ಟಿ ಇದೆ. ಈ ಜಡ್ಡಿಗೆ ಮುಖ್ಯ ಔಷಧ ಮಾತಿನ ಚಿಕಿತ್ಸೆ, ಮತ್ತು ಬಹಳ ಮಂದಿ ವರ್ಷಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಇದನ್ನು ನಮಗೆ ಆ ಹೆಣ್ಣು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಇನ್ನೊಂದು ಮಾತೂ ಹೇಳಿದ್ದರು: ‘ಅವಳು ಮಾಡಿದ್ದಕ್ಕ ಅವಳ ಮ್ಯಾಲ ಹೊಣಿ ಇರ್ಲಿ, ಬೈಗಳ ಇರೋದು ಬ್ಯಾಡ.’ ಈ ಮಾತನ್ನು ನಾನು ಈಗ ಸಾಲಿಯಲ್ಲೂ ಇಟ್ಟುಕೊಂಡಿದ್ದೇನೆ.

ಮಾಸ್ತರರೇ, ಕೈ ಮೇಲೆ ಗಾಯದ ಗುರುತು ಮುಚ್ಚಿಕೊಂಡು ಬರುವ ಹುಡುಗಿ ಕಂಡರೆ ನಾಟಕ ಅನ್ನಬೇಡಿ. ಸಮಾಜದ ಜಡ್ಡು ಅಂತ ಭಾಷಣವನ್ನೂ ಮಾಡಬೇಡಿ. ಕೂಡ್ರಿಸಿ, ಅವಳ ಮಾತು ಕೇಳಿ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಜೊತೆಗೆ ಹೋಗಿ. 14416 ಎಂಬ ನಂಬರಿಗೆ ಫೋನು ಮಾಡಿದರೆ ಸರಕಾರದ ಟೆಲಿ ಮನಸ್ ಸಿಗುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಡಬ್ಬಿ ಸರಿಸಿದವರ ವಿರುದ್ಧ ಹೋರಾಟ ಇದ್ದೇ ಇದೆ, ಅದನ್ನು ನಾವು ಮಾಡೋಣ. ಅವಳಿಗೆ ಶಕ್ತಿ ಬಂದ ದಿನ, ಮನಸ್ಸಿದ್ದರೆ, ಅವಳೂ ಬರಲಿ.

ಇದನ್ನು ಬರೆಯುವ ಮೊದಲು ತಂಗಿಯನ್ನು ಕೇಳಿದೆ. ಕರಪತ್ರದ ಕಾಲದಲ್ಲಿ ಕೇಳಿರಲಿಲ್ಲ. ‘ಹೆಸರು ಹಾಕಬ್ಯಾಡ, ಉಳದದ್ದು ಹಾಕು. ನಾನೇ ಟೈಪ್ ಮಾಡ್ತೀನಿ, ಇಲ್ಲಂದ್ರ ನೀ ಏನೇನರೆ ಸೇರಸ್ತಿ’ ಅಂದಳು. ಹಾಗೆಯೇ ಟೈಪ್ ಮಾಡಿಕೊಟ್ಟಳು. ಎರಡು ಕಡೆ ನಾನು ಅವಳನ್ನು ‘ಪಾಪದ ಹುಡುಗಿ’ ಅಂತ ಬರೆದಿದ್ದೆ. ತೆಗೆದುಹಾಕಿದ್ದಾಳೆ. ಪುಟಕ್ಕೆ ಇಪ್ಪತ್ತು ರೂಪಾಯಿಯಂತೆ ಲೆಕ್ಕ ಹಚ್ಚಿ ನನ್ನಿಂದ ದುಡ್ಡೂ ತಗೊಂಡಳು.